ಯಾವ ಸೈಟು ಮಾರಾಯ?

ಭಾನುವಾರ ಬೆಳಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ಹಾಕುವುದು, ಆರು ಸುತ್ತು ಹಾಕಿದವರ ಹಾಗೆ ಸುಸ್ತಾಗುವುದು, ಆಮೇಲೆ ದರ್ಶಿನಿ ಮುಂದೆ ನಿಂತು ಬೈಟು ಕಾಫಿ ಕುಡಿಯುವುದು. ಇದು ನಮ್ಮ ನಾಲ್ಕು ಜನರ ವ್ಯಾಯಾಮ. ಆವತ್ತು ಪ್ರಕಾಶ ಲೋಟ ಕೈಗೆ ತಗೊಳ್ಳುವ ಮೊದಲೇ ಬಾಂಬ್ ಹಾಕಿದ.

"ಒಂದು ಸೈಟು ನೋಡಿದೀನಿ. ಮುಂದಿನ ವಾರ ತಗೊಳ್ತೀನಿ."

ಬೆಂಗಳೂರಿನಲ್ಲಿ ಸೈಟು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಪಕ್ಕದ ಟೇಬಲ್ಲಿನವರೂ ದೋಸೆ ಬಿಟ್ಟು ತಿರುಗುತ್ತಾರೆ. ತಿರುಗಿದರು.

"ಎಲ್ಲಿ?" ಅಂದ ಸೀನ.

"ಎಷ್ಟು ಅಳತೆ?" ಅಂದೆ ನಾನು.

"ಎ ಖಾತೆನಾ ಬಿ ಖಾತೆನಾ?" ಅಂದ ಮೂರ್ತಿ.

"ಆನ್‌ಲೈನಲ್ಲಿದೆ."

"ಆನ್‌ಲೈನಲ್ಲಿ ನೋಡಿ ದುಡ್ಡು ಕೊಡಬೇಡ್ವೋ. ಜಾಗಕ್ಕೆ ಹೋಗಿ ಕಣ್ಣಲ್ಲಿ ನೋಡು."

"ಜಾಗಾನೇ ಆನ್‌ಲೈನಲ್ಲಿರೋದು ಮೂರ್ತಿ. ವೆಬ್‌ಸೈಟು."

ಪಕ್ಕದ ಟೇಬಲ್ಲಿನವರು ದೋಸೆಗೆ ವಾಪಸ್ ಹೋದರು.

ಮೂರ್ತಿ ಮಾತ್ರ ಬಿಡುವವನಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಮೂವತ್ತು ವರ್ಷ ಪತ್ರ ಬರೆದವನು. ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ಹಿಂದುಗಡೆ ತಿರುಗಿಸಿ ಚಕ್ಕುಬಂದಿ ಹುಡುಕುತ್ತಾನೆ. "ವೆಬ್‌ಸೈಟನ್ನ ಯಾರಾದ್ರೂ ಕೊಂಡ್ಕೊಳ್ತಾರೇನೋ? ನೀನೇ ಒಂದು ಮಾಡ್ಕೊಂಡ್ರಾಯ್ತಪ್ಪ."

ಪ್ರಕಾಶ ತಯಾರಾಗಿಯೇ ಬಂದಿದ್ದ. ಖಾಲಿ ಸೈಟು ತಗೊಂಡು ಮನೆ ಕಟ್ಟಿಸುವುದಕ್ಕೂ ಬಾಡಿಗೆದಾರರ ಸಮೇತ ಕಟ್ಟಡ ಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಂದ. ಓದುಗರು ಆಗಲೇ ಇದ್ದಾರೆ, ಜಾಹೀರಾತಿನಿಂದ ತಿಂಗಳಿಗೆ ಇಷ್ಟು ಅಂತ ಬರುತ್ತೆ, ಎರಡೂವರೆ ಮೂರು ವರ್ಷದ ಲಾಭ ಎಷ್ಟೋ ಅಷ್ಟು ರೇಟು. ಇವನು ನೋಡಿದ್ದು ಗೃಹಸಾಲ, ಪೇಂಟು, ಅಡುಗೆಮನೆ ಟೈಲ್ಸು ಅಂತ ಬರೆಯುವ ಸೈಟು. "ಮೂವತ್ತು ವರ್ಷಕ್ಕೂ ಬಾಡಿಗೆಯಿಂದ ಅಸಲು ಹುಟ್ಟದ ಊರಲ್ಲಿದ್ದೀವಿ. ಇಲ್ಲಿ ಮೂರೇ ವರ್ಷ. ಸೊಂಟ ಮುರಿದು ನೀರಿನ ಟ್ಯಾಂಕ್ ತೊಳೆಯೋ ಕೆಲಸಾನೂ ಇಲ್ಲ. ಮುಖ್ಯವಾಗಿ, ಸೀನನ ಗತಿ ನನಗೆ ಬರಲ್ಲ."

ಸೀನ ಲೋಟದೊಳಗೆ ನೋಡಿದ.

ಸೀನನ ಕಥೆ ಹೇಳಲೇಬೇಕು. 2009ರಲ್ಲಿ ಊರಾಚೆ ಒಂದು ಲೇಔಟಿನಲ್ಲಿ ಥರ್ಟಿ ಫಾರ್ಟಿ ತಗೊಂಡ. ಕೃಷಿ ಜಮೀನು, ಕನ್ವರ್ಷನ್ ಆಗಿರಲಿಲ್ಲ. ಕ್ರಯಪತ್ರದ ಬದಲು ಜಿಪಿಎ, ಅಂದರೆ ಮಾಲೀಕನ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಕೊಟ್ಟರು. "ಎಲ್ಲರೂ ಹಿಂಗೇ ಮಾಡೋದು ಸಾರ್" ಅಂತ ಧೈರ್ಯ ಹೇಳಿದರು, ಕಾರಲ್ಲಿ ಕರಕೊಂಡು ಹೋಗಿ ಮಜ್ಜಿಗೆ ಕುಡಿಸಿದರು. ಎರಡು ವರ್ಷಕ್ಕೆ, 2011ರಲ್ಲಿ, ಜಿಪಿಎ ಮೇಲೆ ಜಮೀನಿನ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿಬಿಟ್ಟಿತು. ಅಷ್ಟರಲ್ಲಿ ಮಜ್ಜಿಗೆ ಕುಡಿಸಿದವರ ಫೋನ್ ನಂಬರೂ ಬದಲಾಗಿತ್ತು.

ಆದರೂ ಸೀನ ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ, ಸ್ಕೂಟರಿಗೆ ಪೂಜೆ ಮಾಡಿಸಿ ಅದರಲ್ಲೇ ಹೋಗಿ ಸೈಟಿನ ಕಲ್ಲಿಗೂ ಒಂದು ನಿಂಬೆಹಣ್ಣು ಇಟ್ಟು ಬರುತ್ತಾನೆ. ರಸ್ತೆ ಇಲ್ಲ. ಸ್ಕೂಟರು ಒಂದು ಕಡೆ ನಿಲ್ಲಿಸಿ, ಯಾರದೋ ರಾಗಿ ಹೊಲದ ಬದುವಿನ ಮೇಲೆ ನಡೆದುಕೊಂಡು ಹೋಗಬೇಕು. ಮೂಲೆಯ ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿ 47 ಅಂತ ಬರೆದಿತ್ತು. ಹೋದ ವರ್ಷ ನಾನೂ ಜೊತೆಗೆ ಹೋಗಿದ್ದೆ. ನಾಲ್ಕರಲ್ಲಿ ಮೂರು ಕಲ್ಲು ಇರಲಿಲ್ಲ. 47ನೇ ನಂಬರಿನ ಕಲ್ಲು ಮಾತ್ರ ಪಕ್ಕದ ತೋಟದ ಬೋರ್‌ವೆಲ್ ಹತ್ತಿರ ಅಡ್ಡ ಮಲಗಿತ್ತು. ಅದರ ಮೇಲೆ ಒಬ್ಬ ಅಜ್ಜಿ ಕಂಬಳಿ ಒಗೆಯುತ್ತಿದ್ದರು. ಸೀನ ನಿಂಬೆಹಣ್ಣು ಹಿಡಿದು ನಿಂತೇ ಇದ್ದ. ಅಜ್ಜಿ, "ಕೊಡಪ್ಪ, ಮಜ್ಜಿಗೆಗೆ ಆಯ್ತದೆ" ಅಂತ ಇಸಕೊಂಡರು. ಆ ಸೈಟಿನ ವಿಷಯದಲ್ಲಿ ಮಜ್ಜಿಗೆಯ ಪಾತ್ರ ದೊಡ್ಡದು.

"ರಿಜಿಸ್ಟರ್ ಆಗಿದ್ರೂ ಅಷ್ಟೆ ಕಣೋ," ಅಂದ ಮೂರ್ತಿ, ಸಮಾಧಾನ ಮಾಡುವವನ ಹಾಗೆ. "ಜನ ಅಂದ್ಕೊಂಡಿದಾರೆ, ರಿಜಿಸ್ಟರ್ ಆಯ್ತು ಅಂದ್ರೆ ಸೈಟು ನಿಂದು ಅಂತ ಸರ್ಕಾರ ಗ್ಯಾರಂಟಿ ಕೊಟ್ಟ ಹಾಗೆ ಅಂತ. ಸುಳ್ಳು. ನೀವಿಬ್ಬರೂ ಹೀಗೊಂದು ಪತ್ರ ಮಾಡ್ಕೊಂಡ್ರಿ ಅಂತ ಸರ್ಕಾರ ಬರೆದಿಟ್ಕೊಳ್ಳುತ್ತೆ, ಅಷ್ಟೆ. ಮಾರಿದವನಿಗೆ ಮಾರೋ ಹಕ್ಕಿತ್ತಾ ಅಂತ ನೋಡೋದು ನಿನ್ನ ತಲೆನೋವು. ಪಿತ್ರಾರ್ಜಿತ ಆಗಿದ್ರೆ ಅಕ್ಕತಂಗಿಯರ ಸಹಿ ಬೇಕು. 2005ರಿಂದ ಅವರದ್ದೂ ಸಮಪಾಲು. ಮಂಜೂರಾತಿ ಜಮೀನು ಅಂದ್ರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನ ಅನುಮತಿ ಇಲ್ಲದೆ ಮಾರಿದ್ರೆ ಆ ಮಾರಾಟವೇ ನಡೆಯಲ್ಲ. ರಾಜಕಾಲುವೆ ಪಕ್ಕ ಆಗಿದ್ರೆ ಒಂದಿನ ಜೆಸಿಬಿ ಬರುತ್ತೆ."

"ನೋಡಿ!" ಪ್ರಕಾಶ ಮೇಜು ಕುಟ್ಟಿದ. "ವೆಬ್‌ಸೈಟಿಗೆ ಅಕ್ಕ ಇಲ್ಲ, ತಂಗಿ ಇಲ್ಲ, ರಾಜಕಾಲುವೆ ಇಲ್ಲ."

ಇಲ್ಲಿ ನಾನು ಬಾಯಿ ಬಿಡಬೇಕಾಯಿತು. ಯಾಕೆಂದರೆ ನನ್ನದೂ ಒಂದು ಸೈಟಿತ್ತು. ಹಳೇ ಬೆಂಗಳೂರಿನ ಹೋಟೆಲುಗಳ ಬಗ್ಗೆ, ಯಾವ ಹೋಟೆಲಿನ ಸಾಂಬಾರಿಗೆ ಏನು ಹಾಕುತ್ತಿದ್ದರು ಅಂತೆಲ್ಲ ಏಳು ವರ್ಷ ಬರೆದಿದ್ದೆ. ಅದು ನನ್ನ ಆಸ್ತಿ ಅಂತಲೇ ನಂಬಿದ್ದೆ. ಆದರೆ ಡೊಮೈನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಕೊಳ್ಳುವುದು ಅಂತ ನಾವು ಹೇಳುವುದೇ ತಪ್ಪು. ಅದು ಬಾಡಿಗೆ. ಡಾಟ್ ಕಾಮ್ ಹೆಸರನ್ನು ಒಂದು ಸಲಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಯಾರೂ ಬರೆದುಕೊಡುವುದಿಲ್ಲ. ದುಡ್ಡು ಕಟ್ಟುತ್ತಾ ಇರಬೇಕು. ನನ್ನ ಕಾರ್ಡಿನ ಅವಧಿ ಮುಗಿದಿತ್ತು. ಎಚ್ಚರಿಕೆಯ ಮೇಲ್‌ಗಳೆಲ್ಲ ನಾನು ಯಾವತ್ತೋ ತೆರೆಯುವುದನ್ನು ಬಿಟ್ಟಿದ್ದ ವಿಳಾಸಕ್ಕೆ ಹೋಗುತ್ತಿದ್ದವು. ಅವಧಿ ಮುಗಿದ ಮೇಲೂ ಒಂದಷ್ಟು ದಿನ ಕಾಯುತ್ತಾರೆ. ಆಮೇಲೆ ಮೂವತ್ತು ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಗೆ ಐದು ದಿನ ಯಾರ ಕೈಗೂ ಸಿಗುವುದಿಲ್ಲ. ಅದಾದ ಮೇಲೆ ಮೊದಲು ಬಂದವರಿಗೆ. ಹಳೇ ಹೆಸರುಗಳಿಗೆ ಹೊಂಚು ಹಾಕಿಕೊಂಡು ಕೂರುವವರೇ ಇದ್ದಾರೆ. ಹಳೇ ಹೋಟೆಲು ಮುಚ್ಚಿದರೂ ಗಿರಾಕಿಗಳು ಅದೇ ಬೀದಿಗೆ ಬರುತ್ತಾರಲ್ಲ, ಆ ಲೆಕ್ಕ.

ನನಗೆ ವಿಷಯ ಗೊತ್ತಾಗಿದ್ದು ಹಾಸನದ ಸೋದರಮಾವ ಫೋನ್ ಮಾಡಿದಾಗ. "ಏನೋ, ಇಸ್ಪೀಟಿನ ಅಡ್ಡೆ ಶುರು ಮಾಡಿದೀಯಂತೆ?" ತೆರೆದು ನೋಡಿದೆ. ಸಾಂಬಾರಿದ್ದ ಜಾಗದಲ್ಲಿ ರಮ್ಮಿ. ನನ್ನ ಹೆಸರಿನ ಪುಟ ಮಾತ್ರ ಹಾಗೇ ಇತ್ತು, ಫೋಟೋ ಸಮೇತ. ಅದನ್ನು ತೆಗೆಸುವುದಕ್ಕೆ ಆರು ತಿಂಗಳಾಯಿತು. ಅಷ್ಟರೊಳಗೆ ಮಾವ ಎರಡು ಮದುವೆಗಳಲ್ಲಿ ನನ್ನ ಬಗ್ಗೆ ಕನಿಕರದಿಂದ ಮಾತಾಡಿದ್ದರು.

"ನೋಡು, ಸೈಟಿಗೆ ಹಿಂದಿನ ಕಾಟ. ಇದಕ್ಕೆ ಮುಂದಿನ ಕಾಟ," ಅಂದ ಮೂರ್ತಿ.

"ಎರಡೂ ಇದೆ," ಅಂದೆ. ಜಿಯೋಸಿಟೀಸ್ ಕಥೆ ಹೇಳಿದೆ. ತೊಂಬತ್ತರ ದಶಕದಲ್ಲಿ ಪುಕ್ಕಟೆ ಜಾಗ ಕೊಡುತ್ತಿದ್ದ ಕಂಪನಿ. ಅದರಲ್ಲಿ ಬಡಾವಣೆಗಳೇ ಇದ್ದವು. ಕಂಪ್ಯೂಟರ್ ವಿಷಯಕ್ಕೆ ಸಿಲಿಕಾನ್ ವ್ಯಾಲಿ, ಸಿನಿಮಾಕ್ಕೆ ಹಾಲಿವುಡ್. ಪ್ರತಿಯೊಬ್ಬರಿಗೂ ಮನೆ ನಂಬರು. 1999ರಲ್ಲಿ ಯಾಹೂ ಅದನ್ನು 350 ಕೋಟಿ ಡಾಲರಿಗೂ ಜಾಸ್ತಿ ಬೆಲೆಗೆ ಕೊಂಡಿತು. 2009ರಲ್ಲಿ ಬಾಗಿಲು ಹಾಕಿತು. ಲಕ್ಷಗಟ್ಟಲೆ ಮನೆ ಒಂದೇ ಏಟಿಗೆ ಹೋಯಿತು.

"ಜೆಸಿಬಿ ಇಲ್ಲದೇನೇ?" ಮೂರ್ತಿಗೆ ಆಶ್ಚರ್ಯ.

"ಇನ್ನೊಂದು ಕೇಳು. ಯುಗೊಸ್ಲಾವಿಯಾ ದೇಶದ ವೆಬ್ ವಿಳಾಸಗಳ ಕೊನೆಗೆ ಡಾಟ್ ವೈಯು ಅಂತ ಇತ್ತು. ದೇಶ ಒಡೆದು ಹೋಯ್ತು. 2010ರಲ್ಲಿ ಆ ಡಾಟ್ ವೈಯುನೇ ಕಿತ್ತು ಹಾಕಿದ್ರು."

ಮೂರ್ತಿ ಗಂಭೀರನಾದ. ಗ್ರಾಮಠಾಣ ಹೋಗಿ ಪಂಚಾಯಿತಿ, ಪಂಚಾಯಿತಿ ಹೋಗಿ ನಗರಸಭೆ, ಅದು ಹೋಗಿ ಪಾಲಿಕೆ ಆಗಿದ್ದನ್ನೆಲ್ಲ ನೋಡಿದವನು. ಆದರೆ ದೇಶವೇ ಹೋಗಿ ಖಾತೆ ರದ್ದಾಗಿದ್ದನ್ನು ನೋಡಿರಲಿಲ್ಲ.

ಪ್ರಕಾಶ ಸುಮ್ಮನಾಗಲಿಲ್ಲ. "ಲಾಭದ ಕಥೆ ಯಾಕೆ ಹೇಳಲ್ಲ? 2015ರಲ್ಲಿ ಗೂಗಲ್ ಡಾಟ್ ಕಾಮ್ ಹೆಸರನ್ನೇ ನಮ್ಮ ದೇಶದವನೊಬ್ಬ 12 ಡಾಲರಿಗೆ ಕೊಂಡ. ಗೂಗಲ್‌ನ ಅಂಗಡಿಯಲ್ಲೇ!"

"ಎಷ್ಟು ವರ್ಷ ಇಟ್ಕೊಂಡ?"

"ಒಂದು ನಿಮಿಷ. ಆಮೇಲೆ ಅವರೇ ರದ್ದು ಮಾಡಿ ಇನಾಮು ಕೊಟ್ರು."

"ಒಂದು ನಿಮಿಷದಲ್ಲಿ ರದ್ದಾಯ್ತಾ!" ಮೂರ್ತಿ ಕೈ ಮುಗಿದ. "ನಮ್ಮಲ್ಲಿ ಕ್ರಯಪತ್ರ ರದ್ದು ಮಾಡಿಸೋಕೆ ಸಿವಿಲ್ ಕೋರ್ಟಿಗೆ ಹೋದ್ರೆ ಮೊಮ್ಮಗ ಬಂದು ತೀರ್ಪು ತಗೊಳ್ತಾನೆ. ಅದೆಲ್ಲ ಬಿಡು ಪ್ರಕಾಶ. ಇಸಿ ತೆಗೆಸಿದೀಯಾ?" ಇಸಿ ಅಂದರೆ ಆಸ್ತಿಯ ಮೇಲೆ ಹಿಂದೆ ಏನೇನು ವ್ಯವಹಾರ ನಡೆದಿದೆ ಅಂತ ತೋರಿಸುವ ಸರ್ಕಾರಿ ಪತ್ರ.

"ವೆಬ್‌ಸೈಟಿಗೆ ಎಲ್ಲಿಂದ ಇಸಿ?"

"ಏನೇ ತಗೊಂಡ್ರೂ ಮೂವತ್ತು ವರ್ಷದ ಇಸಿ ನೋಡಬೇಕು. ಎಮ್ಮೆ ತಗೊಂಡ್ರೂ ನೋಡಬೇಕು."

ಆಗ ನನಗೆ ಹೊಳೆಯಿತು. ಇದೆ, ವೆಬ್‌ಸೈಟಿಗೂ ಇಸಿ ಇದೆ. ಇಂಟರ್ನೆಟ್ ಆರ್ಕೈವ್‌ನವರು 1996ರಿಂದ ವೆಬ್‌ಸೈಟುಗಳ ಹಳೇ ರೂಪಗಳನ್ನು ಕೂಡಿಡುತ್ತಿದ್ದಾರೆ. ಅವರ ವೇಬ್ಯಾಕ್ ಮಷೀನ್‌ನಲ್ಲಿ ವಿಳಾಸ ಹಾಕಿದರೆ ಯಾವ ವರ್ಷ ಅಲ್ಲೇನಿತ್ತು ಅಂತ ತೋರಿಸುತ್ತೆ. ಎಲ್ಲವೂ ಸಿಗುವುದಿಲ್ಲ, ಚಿತ್ರಗಳು ಅರ್ಧಂಬರ್ಧ ಬರುತ್ತವೆ. ಪ್ರಕಾಶ ಫೋನ್ ತೆಗೆದು ವಿಳಾಸ ಹೊಡೆದ. ಹೆಸರಿನಲ್ಲಿ ಹಸಿರು, ಕಣಿವೆ, ಏನೇನೋ ಇತ್ತು.

2022: ಗೃಹಸಾಲ, ಪೇಂಟು, ಟೈಲ್ಸು. 2017: ಚೀನೀ ಅಕ್ಷರದಲ್ಲಿ ಶೂ ಮಾರಾಟ. 2013: ಖಾಲಿ. "ಫಾರಂ ಹದಿನಾರು," ಅಂದ ಮೂರ್ತಿ. ಆ ಅವಧಿಯಲ್ಲಿ ಏನೂ ವ್ಯವಹಾರ ನಡೆದಿಲ್ಲ ಅನ್ನುವುದಕ್ಕೆ ಅವರ ಆಫೀಸಿನ ಭಾಷೆ.

2009ಕ್ಕೆ ಒತ್ತಿದ. ಚಕ್ರ ತಿರುಗಿ ತಿರುಗಿ ಮೇಲಿಂದ ಒಂದು ಚಿತ್ರ ಇಳಿಯತೊಡಗಿತು. ನೀಲಿ ಆಕಾಶ. ತೆಂಗಿನ ಸಾಲು. ಈಜುಕೊಳ. ಕ್ಲಬ್ ಹೌಸು. ನಲವತ್ತು ಅಡಿ ಟಾರು ರಸ್ತೆ, ಎರಡೂ ಬದಿಗೆ ದೀಪದ ಕಂಬ. ಕೆಳಗೆ ಸೈಟುಗಳ ನಕ್ಷೆ.

ಸೀನ ಕನ್ನಡಕ ಹಣೆಗೇರಿಸಿ ಫೋನನ್ನು ಕಿತ್ತುಕೊಂಡ. ಎರಡು ಬೆರಳಲ್ಲಿ ನಕ್ಷೆ ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. 45, 46, 47. ಕ್ಲಬ್ ಹೌಸಿನ ಪಕ್ಕ, ಮೂಲೆ ಸೈಟು.

ನಾವ್ಯಾರೂ ಮಾತಾಡಲಿಲ್ಲ. ಕಾಫಿ ಲೋಟ ಎತ್ತುವ ಹುಡುಗನೂ ಬಗ್ಗಿ ನೋಡಿದ.

"ಎಷ್ಟಕ್ಕೆ ಹೇಳ್ತಿದಾನೆ ಇದನ್ನ?" ಸೀನ ಕೇಳಿದ.

"ಎಂಬತ್ತು ಸಾವಿರ. ಬೇಡ ಬಿಡು ಸೀನ, ನಾನು ಬೇರೆ ಯಾವುದಾದ್ರೂ..."

"ಬೇಡ ಯಾಕೆ? ತಗೋ. ನಾನೂ ಅರ್ಧ ಹಾಕ್ತೀನಿ," ಅಂದ ಸೀನ, ಫೋನ್ ವಾಪಸ್ ಕೊಡದೆ. "ಇಲ್ಲಾದ್ರೂ ರಸ್ತೆ ಇದೆ."