ಜೇಬು ಚಾಕು ಸಂಗ್ರಹ: ಹಿಡಿಗೆ ಮೂಳೆಯೋ ಮರವೋ, ಅಲಗಿಗೆ ಕಾರ್ಬನ್ನೋ ಸ್ಟೇನ್‌ಲೆಸ್ಸೋ?

ಹೊಸಅಲಗು:

ಎಲ್ಲರಿಗೂ ನಮಸ್ಕಾರ. ಹಳೆ ಮಾದರಿಯ ಮಡಚುವ ಜೇಬು ಚಾಕುಗಳನ್ನು ಕೂಡಿಸಲು ಶುರು ಮಾಡುತ್ತಿದ್ದೇನೆ. ಲಾಕ್ ಇಲ್ಲದೆ ಬೆನ್ನಿನ ಸ್ಪ್ರಿಂಗ್ ಬಲದಲ್ಲೇ ಅಲಗು ನಿಲ್ಲುತ್ತದಲ್ಲ, ಆ ಸ್ಲಿಪ್‌ಜಾಯಿಂಟ್‌ಗಳೇ ಮುಖ್ಯ ಆಸಕ್ತಿ. ಸದ್ಯ ನಾಲ್ಕರ ಮೇಲೆ ಕಣ್ಣಿದೆ:

1. ಕೇಸ್ ಕಂಪನಿಯ ಟ್ರ್ಯಾಪರ್ ಮಾದರಿ, ಹಳದಿ ಹಿಡಿ, ಸಿವಿ ಉಕ್ಕು
2. ಫ್ರಾನ್ಸಿನ ಒಪಿನೆಲ್ ಚಾಕು, 8ನೇ ನಂಬರ್, ಬೀಚ್ ಮರದ ಹಿಡಿ, ಕಾರ್ಬನ್ ಉಕ್ಕು
3. ಗ್ರೇಟ್ ಈಸ್ಟರ್ನ್ ಕಟ್ಲರಿಯ ಎರಡಲಗಿನ ಚಾಕು, ಕೆತ್ತಿದ ಮೂಳೆಯ ಹಿಡಿ, 1095 ಉಕ್ಕು
4. ಹಳೆಯದೊಂದು. ಅಲಗಿನ ಬುಡದ ಮುದ್ರೆ ಅಳಿಸಿದೆ. ಹಿಡಿ ಆಮೆಚಿಪ್ಪಿನ ಬಣ್ಣದ ಪ್ಲಾಸ್ಟಿಕ್, ಮೂಸಿದರೆ ಕರ್ಪೂರದ ವಾಸನೆ.

ಚಾಕುಗಳು ಇರುವುದು ತೇವದ ಹವೆಯಲ್ಲಿ. ಎರಡನ್ನಾದರೂ ದಿನವೂ ಬಳಸುವ ಆಸೆ, ಉಳಿದವನ್ನು ಜೋಪಾನವಾಗಿ ಎತ್ತಿಡುತ್ತೇನೆ. ಹಿಡಿಗೆ ಯಾವ ವಸ್ತು ಬಾಳುತ್ತದೆ, ಯಾವ ಉಕ್ಕು ಒಳ್ಳೆಯದು, ಕೈಯಲ್ಲಿ ಹಿಡಿದಾಗ ಏನೇನು ನೋಡಬೇಕು, ತಿಳಿದವರು ಹೇಳಿ.

ಸಾಣೆಕಲ್ಲು:

ಉಕ್ಕಿನ ಹೆಸರನ್ನು ಕೊನೆಗಿಟ್ಟುಕೊಳ್ಳಿ, ಮೊದಲು ನೋಡಬೇಕಾದ್ದು ಕಟ್ಟುಕೆಲಸ. ಸಾಧಾರಣ ಉಕ್ಕಾದರೆ ಎರಡು ಸಲ ಹೆಚ್ಚಿಗೆ ಮಸೆದರೆ ಆಯಿತು. ಸಡಿಲ ಪಿನ್ನು, ಸೋತ ಸ್ಪ್ರಿಂಗು ಮನೆಯಲ್ಲಿ ಸರಿಹೋಗುವಂಥವಲ್ಲ.

ಮುಚ್ಚಿದ ಚಾಕುವನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಸ್ಪ್ರಿಂಗಿಗೂ ಲೈನರಿಗೂ (ಹಿಡಿಯ ಒಳಪಕ್ಕದ ಹಿತ್ತಾಳೆ ತಗಡು) ನಡುವೆ ಬೆಳಕು ನುಸುಳಬಾರದು. ಅಲ್ಲಿ ಸಂದಿದ್ದರೆ ತೇವವೂ ಕಸವೂ ಸೇರಿ ಒಳಗಿಂದ ತುಕ್ಕು ಹಿಡಿಯುತ್ತದೆ, ಅದು ನಿಮ್ಮ ಕಣ್ಣಿಗೆ ಬೀಳುವುದು ತಡವಾಗಿ. ಆಮೇಲೆ ಅಲಗನ್ನು ಪೂರ್ತಿ ತೆರೆದು, ಮೊನೆಯ ಹತ್ತಿರ ಹಿಡಿದು ಎಡಬಲಕ್ಕೂ ಮೇಲೆ ಕೆಳಗೂ ಅಲುಗಿಸಿ. ಎಡಬಲಕ್ಕೆ ಕೂದಲೆಳೆಯಷ್ಟು ಅಲುಗಿದರೆ ಸಹಿಸಬಹುದು. ಮೇಲೆ ಕೆಳಗೆ ಅಲುಗಿದರೆ ಬೇಡ, ಅಲಗಿನ ಬುಡವೋ ಸ್ಪ್ರಿಂಗಿನ ತುದಿಯೋ ಸವೆದಿದೆ ಎಂದೇ ಅರ್ಥ. ಬೆನ್ನಿನ ಮೇಲೆ ಬೆರಳಾಡಿಸಿ ನೋಡಿ: ಅಲಗು ತೆರೆದಾಗಲೂ ಮುಚ್ಚಿದಾಗಲೂ, ಅರ್ಧದಲ್ಲಿ ನಿಲ್ಲುವ ಹಾಫ್ ಸ್ಟಾಪ್ ಇದ್ದರೆ ಅಲ್ಲೂ, ಸ್ಪ್ರಿಂಗು ಲೈನರಿಗೆ ಸಮವಾಗಿರಬೇಕು. ಮೂರೂ ಕಡೆ ಸಮ ಬರಿಸುವುದು ಕಷ್ಟದ ಕೆಲಸ. ಮಾಡಿದವನ ಕೈಗುಣ ಗೊತ್ತಾಗುವುದೇ ಅಲ್ಲಿ.

ಹೊಸಬರು ಹೆಚ್ಚಾಗಿ ತಪ್ಪು ತಿಳಿಯುವ ಭಾಗವೆಂದರೆ ಕಿಕ್. ಬಾಯಿ, ಅಂದರೆ ಹರಿತದ ಅಂಚು, ಶುರುವಾಗುವ ಮುಂಚೆ ಅಲಗಿನ ಬುಡದಲ್ಲಿರುವ ಸಣ್ಣ ಉಬ್ಬು ಅದು. ಮುಚ್ಚಿದಾಗ ಅದು ಸ್ಪ್ರಿಂಗಿನ ಮೇಲೆ ಕೂತು, ಅಲಗಿನ ಬಾಯಿ ಸ್ಪ್ರಿಂಗಿಗೆ ತಾಗದಂತೆ ಎತ್ತಿ ಹಿಡಿಯುತ್ತದೆ. ಮೊನೆ ಹಿಡಿಯಿಂದ ಹೊರಗಿಣುಕುತ್ತಿದ್ದರೆ ಕಿಕ್ಕನ್ನು ಅರದಿಂದ ಒಂದೆರಡು ಎಳೆತ ಸವೆಸಿ ಅಲಗನ್ನು ಕೆಳಗಿಳಿಸುವುದುಂಟು. ಮಿತಿ ಮೀರಿದರೆ ಪ್ರತಿ ಸಲ ಮುಚ್ಚಿದಾಗಲೂ ಬಾಯಿ ಸ್ಪ್ರಿಂಗಿಗೆ ಬಡಿದು ಒಂದೇ ಜಾಗದಲ್ಲಿ ಚುಕ್ಕೆ ಬೀಳುತ್ತದೆ. ಕೊಳ್ಳುವ ಚಾಕುವಿನ ಬಾಯಲ್ಲಿ ಅಂಥ ಒಂಟಿ ಚುಕ್ಕೆ ಕಂಡರೆ ಕಾರಣ ಇದೇ ಇರಬಹುದು. ಬಡಿಯುವ ಚಾಕುವಿಗೆ ಕಿಕ್ ಸವೆಸಿದರೆ ಹಾನಿ ಇನ್ನೂ ಹೆಚ್ಚು. ಅಲಗನ್ನು ಕೈಬಿಟ್ಟು ಪಟಕ್ಕನೆ ಮುಚ್ಚಿಕೊಳ್ಳಲು ಬಿಡದೆ, ಬೆರಳಲ್ಲಿ ಹಿಡಿದು ನಿಧಾನ ಕೂರಿಸುವುದೇ ಅದಕ್ಕೆ ಮದ್ದು.

ಈಗ ಉಕ್ಕು. 1095ರಲ್ಲಿ ಇಂಗಾಲ ಶೇ. 0.90ರಿಂದ 1.03, ಕ್ರೋಮಿಯಂ ಇಲ್ಲವೆನ್ನಬಹುದು. ಬೇಗ ಮಸೆಯಬಹುದು, ತೆಳ್ಳನೆಯ ಬಾಯಿ ನಿಲ್ಲುತ್ತದೆ, ತುಕ್ಕೂ ಅಷ್ಟೇ ಬೇಗ ಬರುತ್ತದೆ. ಕೇಸ್‌ನ ಸಿವಿ ಕೂಡ ಕಾರ್ಬನ್ ಉಕ್ಕೇ. ಕ್ರೋಮಿಯಂ, ವನೇಡಿಯಂ ಸ್ವಲ್ಪ ಸೇರಿದೆ ಅಷ್ಟೇ, ಹೆಸರು ನೋಡಿ ಸ್ಟೇನ್‌ಲೆಸ್ ಎಂದುಕೊಳ್ಳಬೇಡಿ. ಅದೇ ಕಂಪನಿಯ ಟ್ರೂ-ಶಾರ್ಪ್ ಎಂಬುದು 420ಎಚ್‌ಸಿ ಸ್ಟೇನ್‌ಲೆಸ್. ಮೆತ್ತಗಿರುತ್ತದೆ, ಬಾಯಿ ಬೇಗ ಮೊಂಡಾಗುತ್ತದೆ, ಆದರೆ ತೇವಕ್ಕೆ ಜಗ್ಗುವುದಿಲ್ಲ. ಒಪಿನೆಲ್‌ನ ಕಾರ್ಬನ್ ಅಲಗು ಎಕ್ಸ್‌ಸಿ90, ಸುಮಾರು ಶೇ. 0.9 ಇಂಗಾಲ. ಅದರ ಸ್ಟೇನ್‌ಲೆಸ್ ಅಲಗು 12ಸಿ27 ಜಾತಿಯದು. ಡಿ2 ಎಂಬ ಉಕ್ಕಿನ ಹೆಸರು ಕೇಳಿದರೆ ಒಂದು ಎಚ್ಚರ: ಅದರಲ್ಲಿ ಶೇ. 11ರಿಂದ 13 ಕ್ರೋಮಿಯಂ ಇದ್ದರೂ ಅದರಲ್ಲಿ ಸಾಕಷ್ಟು ಭಾಗ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗಿ ಕೂತಿರುತ್ತದೆ. ಹಾಗಾಗಿ ತುಕ್ಕು ಬರಬಹುದು, ಬಂದರೆ ಚುಕ್ಕೆ ಚುಕ್ಕೆಯಾಗಿ ಗುಳಿ ಬೀಳುತ್ತದೆ.

ಬೀಟೆಹಿಡಿ:

ಸಾಣೆಕಲ್ಲು ಅವರು ಕಟ್ಟುಕೆಲಸದ ಬಗ್ಗೆ ಹೇಳಿದ್ದಕ್ಕೆ ಸೇರಿಸುವುದೇನೂ ಇಲ್ಲ. ಹಿಡಿಯ ವಿಷಯ ನಾನು ಹೇಳುತ್ತೇನೆ.

ಮೂಳೆ ಎಂದರೆ ಸಾಮಾನ್ಯವಾಗಿ ದನದ ಕಾಲಿನ ನಳಿಗೆ ಮೂಳೆ. ಕೊಬ್ಬು ತೆಗೆದು, ಬಣ್ಣ ಹಾಕಿ, ಮೇಲೆ ಗೀರು ಕೆತ್ತಿರುತ್ತಾರೆ. ಬಣ್ಣ ಎಷ್ಟು ಆಳ ಇಳಿದಿದೆ ಎಂದು ಅಂಚಿನಲ್ಲಿ ನೋಡಿ. ಮೇಲ್ಪದರದ್ದಾದರೆ ವರ್ಷ ಕಳೆದಂತೆ ಉಬ್ಬುಗಳ ಮೇಲೆ ಬಿಳಿಚಿಕೊಳ್ಳುತ್ತದೆ. ಮೂಳೆ ಬಿರುಕು ಬಿಡುವುದು ಹೆಚ್ಚಾಗಿ ಪಿನ್ನಿನ ಸುತ್ತ. ಹೊಡೆದು ಕೂರಿಸಿದ ಪಿನ್ನು ಅಲ್ಲಿ ಒತ್ತಡ ಕೊಡುತ್ತಿರುತ್ತದೆ, ಮೂಳೆ ಒಣಗಿ ಕುಗ್ಗಿದಾಗ ಸೀಳುವುದೂ ಅಲ್ಲೇ. ಭೂತಗನ್ನಡಿಯಲ್ಲಿ ಪ್ರತಿ ಪಿನ್ನನ್ನೂ ನೋಡಿ. ಕೂದಲೆಳೆಯ ಬಿರುಕು ಬಳಸುವ ಚಾಕುವಿಗೆ ಪರವಾಗಿಲ್ಲ, ಸಂಗ್ರಹದ ಬೆಲೆಗೆ ಮಾತ್ರ ಪೆಟ್ಟು. ಬಿಸಿನೀರು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದು, ಇವೆರಡೂ ಮೂಳೆಗೆ ಆಗದು.

ಜಿಂಕೆ ಜಾತಿಯ ಕೊಂಬುಗಳಲ್ಲಿ ಕಡವೆಯದು ಶ್ರೇಷ್ಠ ಎನ್ನುವುದು ಸುಮ್ಮನೆ ಬಂದ ಮಾತಲ್ಲ. ಅದರ ಹೊರಪದರ ದಪ್ಪ, ಒಳಗಿನ ಸ್ಪಂಜಿನಂಥ ಭಾಗ ಕಡಿಮೆ. ಬೇರೆ ಕೊಂಬುಗಳನ್ನು ತೆಳ್ಳಗೆ ಸೀಳಿದರೆ ಆ ಸ್ಪಂಜೇ ಹೊರಬಂದು ತೇವ ಕುಡಿಯುತ್ತದೆ. ಆದರೆ ಕಡವೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ, ಅದರ ಕೊಂಬಿನ ವ್ಯಾಪಾರ ಅಪರಾಧ. ಹಳೆ ಚಾಕುವಿನ ಹಿಡಿ ಕಡವೆ ಕೊಂಬು, ದಂತ, ನಿಜವಾದ ಆಮೆಚಿಪ್ಪು ಎಂದು ಹೇಳಿ ಮಾರುತ್ತಿದ್ದರೆ, ಗಡಿ ದಾಟಿಸುವ ಮೊದಲು ಎರಡೂ ಕಡೆಯ ಕಾನೂನು ನೋಡಿಕೊಳ್ಳಿ.

ಎಮ್ಮೆ ಕೊಂಬು ಬೇರೆಯೇ ವಸ್ತು. ಅದು ನಮ್ಮ ಉಗುರಿನ ಹಾಗೆ ಕೆರಾಟಿನ್. ಹೊಳಪು ಸೊಗಸು, ಆದರೆ ಹವೆಗೆ ತಕ್ಕಂತೆ ಬಾಗುತ್ತದೆ, ಲೈನರಿನಿಂದ ಎದ್ದು ನಿಲ್ಲುತ್ತದೆ, ಹುಳುವೂ ತಿನ್ನುತ್ತದೆ. ತೇವದ ಜಾಗಕ್ಕೆ ನಾನು ಹೇಳುವುದಿಲ್ಲ. ಮರದಲ್ಲಿ ಬೀಟೆಯಂಥ ಎಣ್ಣೆಯಂಶದ ಜಾತಿಗಳು ನಿಲ್ಲುತ್ತವೆ, ಕರಿಮರ ಒಣಹವೆಯಲ್ಲಿ ಸೀಳುತ್ತದೆ. ಹಳದಿ ಟ್ರ್ಯಾಪರ್‌ನ ಹಿಡಿ ಸಿಂಥೆಟಿಕ್, ಅದಕ್ಕೆ ಆರೈಕೆಯೇ ಬೇಡ. ಬಟ್ಟೆ ಅಥವಾ ಕಾಗದವನ್ನು ಫಿನಾಲಿಕ್ ರಾಳದಲ್ಲಿ ಒತ್ತಿ ಮಾಡುವ ಮೈಕಾರ್ಟಾ ಕೂಡ ಹಾಗೆಯೇ. ಜೊತೆಗೆ ಅದು ಒದ್ದೆ ಕೈಯಲ್ಲೂ ಜಾರುವುದಿಲ್ಲ. ದಿನಬಳಕೆಗೆ ಇವೆರಡಕ್ಕೆ ನನ್ನ ಮತ.

ಒಪಿನೆಲ್ ಬಗ್ಗೆ ಒಂದು ಮಾತು. ಅದು ಸ್ಲಿಪ್‌ಜಾಯಿಂಟ್ ಅಲ್ಲ, ಬೆನ್ನಿಗೆ ಸ್ಪ್ರಿಂಗೇ ಇಲ್ಲ. ಮರದ ಬಿಗಿತದಲ್ಲೇ ಅಲಗು ನಿಲ್ಲುತ್ತದೆ, 1955ರಿಂದ ಮೇಲೆ ತಿರುಗುವ ಉಂಗುರದ ಬೀಗ ಬಂತು. ಬೀಚ್ ಮರ ತೇವ ಕುಡಿದರೆ ಉಬ್ಬಿ ಅಲಗನ್ನು ಕಚ್ಚಿಹಿಡಿಯುತ್ತದೆ. ಆಗ ಉಗುರು ಮುರಿದುಕೊಳ್ಳಬೇಡಿ. ಉಂಗುರ ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿನಂಚಿಗೆ ಒಮ್ಮೆ ಕುಟ್ಟಿದರೆ ಮೊನೆ ಹೊರಗೆ ಬರುತ್ತದೆ. ಅದರ ತವರು, ಫ್ರಾನ್ಸಿನ ಸವಾಯ್‌ನಲ್ಲಿ ತೆರೆಯುವುದೇ ಹೀಗೆ. ಹೊಸದನ್ನು ಕೊಂಡೊಡನೆ ಒಂದು ವಾರ ಒಣಜಾಗದಲ್ಲಿಟ್ಟು, ಸಂದಿಯೊಳಕ್ಕೆ ಕಾಯಿಸಿದ ಅಗಸೆ ಎಣ್ಣೆ ಇಳಿಬಿಟ್ಟು, ಒರೆಸಿ, ಅಲಗನ್ನು ಅರೆ ತೆರೆದು ಎರಡು ಮೂರು ದಿನ ಗಾಳಿಗೆ ಬಿಟ್ಟರೆ ಈ ಕಾಟ ಬಹಳ ಕಡಿಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಏರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ ಹರವಿ ಒಣಗಿಸಿ.

ಹೊಸಅಲಗು:

ಇಬ್ಬರಿಗೂ ಧನ್ಯವಾದ. ನಾಲ್ಕನೆಯದರ ಬಗ್ಗೆ ಯಾರೂ ಹೇಳಲಿಲ್ಲ. ಬೆಲೆ ಕಡಿಮೆ, ಅಲಗು ಸವೆಯದೆ ಪೂರ್ತಿ ಇದೆ, ಕಟ್ಟುಕೆಲಸವೂ ಬಿಗಿ. ಹಿತ್ತಾಳೆ ಮಾತ್ರ ಒಂದು ಪಕ್ಕ ಹಸಿರುಗಟ್ಟಿದೆ. ಉಳಿದವುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬಹುದೇ?

ಹಳೆಮುದ್ರೆ:

ಖಂಡಿತ ಇಡಬೇಡಿ. ಕರ್ಪೂರದ ವಾಸನೆ ಎಂದ ಮೇಲೆ ಅದು ಸೆಲ್ಯುಲಾಯ್ಡ್, ಅಂದರೆ ಸೆಲ್ಯುಲೋಸ್ ನೈಟ್ರೇಟ್‌ಗೆ ಕರ್ಪೂರ ಬೆರೆಸಿ ಮಾಡಿದ ಹಳೆ ಪ್ಲಾಸ್ಟಿಕ್. ಬೆರಳಿಂದ ಉಜ್ಜಿ ಬಿಸಿಯಾದಾಗ ಕರ್ಪೂರದ ವಾಸನೆ ಬರುವುದು ಸಹಜ, ಅಷ್ಟಕ್ಕೇ ಹೆದರಬೇಕಿಲ್ಲ. ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂದರೆ ಕೊಳೆಯುವಿಕೆ ಶುರುವಾಗಿದೆ ಎಂದು ತಿಳಿಯಿರಿ. ಕೊಳೆಯುವಾಗ ಅದು ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ, ಅದು ಗಾಳಿಯ ತೇವದ ಜೊತೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ನಿಮ್ಮ ಹಿತ್ತಾಳೆ ಹಸಿರಾದದ್ದು ಅದರಿಂದಲೇ ಇರಬಹುದು, ಅದರಲ್ಲೂ ಹಸಿರು ಹಿಡಿಗೆ ತಾಗಿದ ಅಂಚಿನಲ್ಲೇ ಸಾಲುಗಟ್ಟಿದ್ದರೆ. ಮುಚ್ಚಿದ ಡಬ್ಬಿಯಲ್ಲಿ ಇಂಥದ್ದೊಂದು ಇದ್ದರೆ ಪಕ್ಕದ ಚಾಕುಗಳ ಅಲಗೂ ಹಾಳಾಗುತ್ತದೆ. ಸ್ಟೇನ್‌ಲೆಸ್ಸಿಗೂ ಬಿಡುವಿಲ್ಲ.

ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಬೇಗ ಮಾಡಿಸುತ್ತದೆ. ಆದ್ದರಿಂದ ಜಿಪ್ ಚೀಲದಲ್ಲಿ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಬೇರೆಯೇ ತೆರೆದ ಪೆಟ್ಟಿಗೆ, ಗಾಳಿಯಾಡುವ ತಂಪು ಕಪಾಟು, ಬಿಸಿಲು ಬೀಳದ ಜಾಗ ಬೇಕು. ಎರಡು ಮೂರು ತಿಂಗಳಿಗೊಮ್ಮೆ ಮೂಸಿ ನೋಡಿ. ಹಿಡಿಯ ಒಳಗೆ ಸಣ್ಣ ಚೌಕ ಚೌಕವಾಗಿ ಬಿರುಕು, ಸಕ್ಕರೆ ಹರಳಿನ ಹೊಳಪು ಅಥವಾ ಅಂಟು ಕಂಡರೆ ಮರಳಿ ಸರಿಮಾಡುವ ಉಪಾಯವಿಲ್ಲ. ಆಗ ಹಿಡಿ ಕಳಚಿ, ಲೋಹದ ಭಾಗವನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಬೇರೆ ಹಿಡಿ ಕೂರಿಸುವುದೊಂದೇ ದಾರಿ. ಸೆಲ್ಯುಲಾಯ್ಡ್ ಬೆಂಕಿಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವುದು, ಬಫಿಂಗ್ ಚಕ್ರಕ್ಕೆ ಹಿಡಿಯುವುದು ಎರಡೂ ಬೇಡ.

ಹಸಿರು ಹೀಗೆ ಕಾಣಿಸಿಕೊಂಡಿರುವಾಗ ನನ್ನ ಸಲಹೆ ಕೊಳ್ಳಬೇಡಿ ಎಂದೇ. ಹಿಡಿ ಬದಲಿಸುವ ಕೆಲಸ ಕಲಿಯಬೇಕೆಂದಿದ್ದರೆ ಮಾತ್ರ ಒಳ್ಳೆಯ ಸಾಮಗ್ರಿ.

ಮುದ್ರೆಯ ಮಾತು ಬಂದದ್ದರಿಂದ ಕೇಸ್ ಬಗ್ಗೆ: ಪ್ಯಾಟರ್ನ್ ನಂಬರಿನ ಮೊದಲ ಅಂಕಿ ಹಿಡಿಯ ವಸ್ತುವನ್ನು ಹೇಳುತ್ತದೆ, ಎರಡನೆಯದು ಅಲಗುಗಳ ಸಂಖ್ಯೆ, ಉಳಿದದ್ದು ಮಾದರಿ. 6254 ಎಂದರೆ ಕೆತ್ತಿದ ಮೂಳೆ, ಎರಡು ಅಲಗು, 54 ಅಂದರೆ ಟ್ರ್ಯಾಪರ್. ನಿಮ್ಮ ಹಳದಿಯದು 3254. 1970ರಲ್ಲಿ ಮುದ್ರೆಯ ಕೆಳಗೆ 10 ಚುಕ್ಕೆ ಇಟ್ಟು ವರ್ಷಕ್ಕೊಂದರಂತೆ ತೆಗೆದರು. ಹಾಗಾಗಿ 7 ಚುಕ್ಕೆ ಇದ್ದರೆ 1973. 1980ರಲ್ಲಿ ಮತ್ತೆ 10ರಿಂದ ಶುರು, ಆದರೆ ಆಗ ಹೆಸರಿನ ಎಸ್ ಅಕ್ಷರ ಮಿಂಚಿನ ಆಕಾರಕ್ಕೆ ತಿರುಗಿತ್ತು. ಮುದ್ರೆ ಹೊಸದರಂತೆ ಚೂಪಾಗಿ, ಅಲಗು ಮಾತ್ರ ಸವೆದಿದ್ದರೆ ಅನುಮಾನಪಡಿ.

ಸಾಣೆಕಲ್ಲು:

ಹಳೆಮುದ್ರೆ ಅವರು ಹೇಳಿದಂತೆ ನಾಲ್ಕನೆಯದನ್ನು ಬಿಡಿ. ಬಳಸಲು ಟ್ರ್ಯಾಪರ್ ಮತ್ತು ಒಪಿನೆಲ್, ಎತ್ತಿಡಲು ಮೂಳೆ ಹಿಡಿಯ ಚಾಕು. ತೇವದ ಹವೆ ಎಂದು ಕಾರ್ಬನ್ ಬಿಡಬೇಕಿಲ್ಲ. ಹಣ್ಣು ಈರುಳ್ಳಿ ಹೆಚ್ಚಿ, ತೊಳೆದು, ತಕ್ಷಣ ಒರೆಸುತ್ತಾ ಹೋದರೆ ಅಲಗಿಗೆ ಬೂದು ನೀಲಿ ಪದರ ಬರುತ್ತದೆ, ಅದು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಕೆಂಪು ಕಂಡಲ್ಲಿ ಮಾತ್ರ ಮಿನರಲ್ ಆಯಿಲ್ ಹನಿಸಿ, 0000 ನಂಬರಿನ ಉಕ್ಕಿನ ಉಣ್ಣೆಯಿಂದ ಮೆಲ್ಲಗೆ ಉಜ್ಜಿ. ಸಂಗ್ರಹದ ಚಾಕುವಿನ ಹಳೆ ಬಣ್ಣವನ್ನು ಹೊಳಪು ಹಾಕಿ ತೆಗೆಯಲೇಬಾರದು, ಬೆಲೆ ಹೋದರೆ ಮರಳಿ ಬಾರದು.

ಎತ್ತಿಡುವುದನ್ನು ತೊಗಲಿನ ಚೀಲದಲ್ಲಿಡಬೇಡಿ. ತೊಗಲು ತೇವ ಹಿಡಿದಿಡುತ್ತದೆ, ಹದ ಮಾಡಲು ಬಳಸಿದ ಆಮ್ಲ, ಉಪ್ಪು ಅದರಲ್ಲಿ ಉಳಿದಿರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಮೂಳೆ ಇರುವ ಡಬ್ಬಿಗೆ ಜೆಲ್ ಒಂದೇ ಚಿಕ್ಕ ಪೊಟ್ಟಣ ಸಾಕು, ಅತಿಯಾಗಿ ಒಣಗಿದರೆ ಬೀಟೆಹಿಡಿ ಅವರು ಹೇಳಿದ ಬಿರುಕು ಬರುತ್ತದೆ. ಎಣ್ಣೆ ತಿರುಗುವ ಪಿನ್ನಿಗೆ ಒಂದು ಹನಿ, ಸ್ಪ್ರಿಂಗು ಅಲಗಿಗೆ ತಾಗುವಲ್ಲಿ ಒಂದು ಹನಿ. ಹತ್ತು ಹದಿನೈದು ಸಲ ತೆರೆದು ಮುಚ್ಚಿ, ಹೊರಬರುವ ಕಪ್ಪನ್ನು ಒರೆಸಿ, ಒರೆಸಿದ ಬಟ್ಟೆಗೆ ಕಪ್ಪು ಹತ್ತದಿರುವ ತನಕ ಹೀಗೇ ಮಾಡಿ. ಅಡುಗೆ ಎಣ್ಣೆ ಹಾಕಬೇಡಿ. ಅದು ಬರಬರುತ್ತಾ ಗೋಂದಿನಂತಾಗಿ ಅಲಗು ಅಂಟಿಕೊಳ್ಳುತ್ತದೆ.