ವಾಲ್ವ್ ಕವರ್‌ಗೆ ಹೊಡೆದ ಬಣ್ಣ ಹಕ್ಕಳೆ ಏಳುತ್ತಿದೆ: ಇನ್ನೂ ಹೆಚ್ಚು ಶಾಖ ತಾಳುವ ಬಣ್ಣ ಬೇಕೇ?

ಪ್ರಶ್ನೆ

ಕಾರಿನ ಎಂಜಿನ್ನಿನ ಮೇಲ್ತುದಿಯನ್ನು ಮುಚ್ಚುವ ಅಲ್ಯೂಮಿನಿಯಂ ವಾಲ್ವ್ ಕವರನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ ಎಂದು ಡಬ್ಬಿಯ ಮೇಲೆ ನಮೂದಿಸಿದ್ದ ಕೆಂಪು ಎಂಜಿನ್ ಎನಾಮೆಲ್ ಬಣ್ಣವನ್ನು ಮನೆಯಲ್ಲಿಯೇ ಸ್ಪ್ರೇ ಮಾಡಿದ್ದೆ. ಎರಡು ಪದರ ಹೊಡೆದ ಮೇಲೂ ಬಣ್ಣ ತೆಳುವಾಗಿ ಕಂಡದ್ದರಿಂದ ಮರುದಿನ ಮತ್ತೊಂದು ಪದರ ಹೊಡೆದೆ. ಕೆಲವೇ ನಿಮಿಷಗಳಲ್ಲಿ ಒಂದು ಬದಿ ಸುಕ್ಕುಗಟ್ಟಿತು. ಈಗ ಕಾರು ಓಡಿಸಲು ಆರಂಭಿಸಿದ ಮೇಲೆ ಎಣ್ಣೆ ತುಂಬುವ ಮುಚ್ಚಳದ ಸುತ್ತ ಹಾಗೂ ಬೋಲ್ಟ್‌ಗಳ ಅಂಚಿನಲ್ಲಿ ಬಣ್ಣ ಹಾಳೆಯಂತೆ ಎದ್ದು ಬರುತ್ತಿದ್ದು, ಅದರಡಿ ಹೊಳೆಯುವ ಲೋಹ ಕಾಣುತ್ತಿದೆ. ಶಾಖ ತಡೆಯಲಾರದೆ ಹೀಗಾಗಿರಬಹುದೆಂದು ನನ್ನ ಊಹೆ. ಎಕ್ಸಾಸ್ಟ್‌ಗೆ (ಹೊಗೆ ಕೊಳವೆಗೆ) ಬಳಸುವ, 650 ಡಿಗ್ರಿ ತಾಳುವ ಬಣ್ಣವನ್ನು ಹೊಡೆದರೆ ಸರಿಹೋಗುವುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ

ದಯವಿಟ್ಟು ಆ ಬಣ್ಣವನ್ನು ತರಬೇಡಿ. ವಾಲ್ವ್ ಕವರ್ ಸಾಮಾನ್ಯವಾಗಿ 100ರಿಂದ 120 ಡಿಗ್ರಿಯ ಆಸುಪಾಸಿನಲ್ಲಿ ಬಿಸಿಯಾಗುವ ಭಾಗ. ನಿಮ್ಮ ಈಗಿನ ಬಣ್ಣಕ್ಕೆ ಅದು ದೊಡ್ಡ ಶಾಖವೇ ಅಲ್ಲ. ಎಕ್ಸಾಸ್ಟ್ ಬಣ್ಣ ಸಿಲಿಕೋನ್ ರಾಳದಿಂದ ಮಾಡಿದ್ದು, ಹಂತಹಂತವಾಗಿ 300 ಡಿಗ್ರಿಯ ಸಮೀಪದವರೆಗೆ ಕಾಯಿಸಿದಾಗಲೇ ಪೂರ್ತಿ ಗಟ್ಟಿಯಾಗುತ್ತದೆ. ವಾಲ್ವ್ ಕವರ್ ಆ ಶಾಖವನ್ನು ಎಂದೂ ಮುಟ್ಟುವುದಿಲ್ಲವಾದ್ದರಿಂದ ಬಣ್ಣ ಅರೆಬೆಂದ ಸ್ಥಿತಿಯಲ್ಲೇ ಉಳಿದು, ಪೆಟ್ರೋಲ್ ಅಥವಾ ಬ್ರೇಕ್ ಕ್ಲೀನರ್ ತಾಗಿದರೆ ಬಟ್ಟೆಗೆ ಒರೆಸಿಕೊಂಡು ಬಂದುಬಿಡುತ್ತದೆ. ಡಬ್ಬಿಯ ಮೇಲಿನ ಅಂಕಿ ದೊಡ್ಡದಾದಷ್ಟೂ ಬಣ್ಣ ಒಳ್ಳೆಯದು ಎಂಬ ನಂಬಿಕೆಯಿಂದ ಎಷ್ಟೋ ಜನರ ಶ್ರಮ ವ್ಯರ್ಥವಾಗುವುದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಬಣ್ಣ ಹೇಗೆ ಕೆಟ್ಟಿದೆ ಎಂಬುದನ್ನು ಗಮನಿಸಿದರೆ ಕಾರಣ ಅಲ್ಲೇ ಸಿಗುತ್ತದೆ. ಶಾಖ ಮಿತಿಮೀರಿದ್ದರೆ ಬಣ್ಣ ಕಂದಿ, ಕಪ್ಪಾಗಿ, ಪುಡಿಪುಡಿಯಾಗಿ ಉದುರುತ್ತದೆ. ನಿಮ್ಮಲ್ಲಿ ಅದು ಹಾಳೆಯಂತೆ ಎದ್ದು ಹೊಳೆಯುವ ಲೋಹ ಕಾಣುತ್ತಿದೆ ಎಂದರೆ, ಬಣ್ಣ ಲೋಹವನ್ನು ಹಿಡಿದೇ ಇರಲಿಲ್ಲ. ಅದರಲ್ಲೂ ಎಣ್ಣೆ ಮುಚ್ಚಳದ ಸುತ್ತಲೇ ಎದ್ದಿರುವುದು ಜಿಡ್ಡನ್ನು ಸೂಚಿಸುತ್ತದೆ. ಎರಕದ ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ವರ್ಷಗಳಿಂದ ಅವುಗಳೊಳಗೆ ಇಳಿದ ಎಣ್ಣೆ ಸೋಪಿನ ನೀರಿಗೆ ಜಗ್ಗುವುದಿಲ್ಲ, ಆದರೆ ಕವರ್ ಬಿಸಿಯಾದೊಡನೆ ಮೇಲೆ ಜಿನುಗಿ ಬಣ್ಣವನ್ನು ಒಳಗಿನಿಂದಲೇ ಎಬ್ಬಿಸುತ್ತದೆ.

ಸುಕ್ಕಿನ ಕಾರಣ ಬೇರೆ. ಮೇಲ್ಭಾಗ ಒಣಗಿದ್ದರೂ ಒಳಗೆ ಇನ್ನೂ ಮೆತ್ತಗಿರುವ ಎನಾಮೆಲ್‌ಗೆ ಹೊಸ ಪದರದ ದ್ರಾವಕ ಇಳಿದರೆ ಕೆಳಗಿನ ಪದರ ಊದಿಕೊಂಡು ಮಡಿಚಿಕೊಳ್ಳುತ್ತದೆ. ಆದ್ದರಿಂದಲೇ ಅನೇಕ ಡಬ್ಬಿಗಳ ಹಿಂಬದಿಯಲ್ಲಿ, ಮುಂದಿನ ಪದರವನ್ನು 1 ಗಂಟೆಯೊಳಗೆ ಇಲ್ಲವೇ 7 ದಿನಗಳ ನಂತರ ಹೊಡೆಯಬೇಕೆಂದು ಮುದ್ರಿಸಿರುತ್ತಾರೆ. ನಿಮ್ಮ ಮರುದಿನದ ಪದರ ಬಿದ್ದದ್ದು ಸರಿಯಾಗಿ ಆ ನಡುವಿನ ಅವಧಿಯಲ್ಲಿ.

ಈಗ ಇದ್ದ ಬಣ್ಣದ ಮೇಲೆಯೇ ತೇಪೆ ಹಾಕಲು ಹೋಗದೆ ಎಲ್ಲವನ್ನೂ ತೆಗೆಯಿರಿ. ಅಲ್ಯೂಮಿನಿಯಂಗೆ ಹೊಂದುತ್ತದೆ ಎಂದು ಬರೆದಿರುವ ಪೇಂಟ್ ರಿಮೂವರ್ ಸಾಕು. ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಮಾತ್ರ ಬೇಡ; ಅದು ಅಲ್ಯೂಮಿನಿಯಂ ಅನ್ನೇ ತಿಂದು ಮೇಲ್ಮೈಯನ್ನು ಕಪ್ಪಾಗಿಸುತ್ತದೆ. ನಂತರ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ಬ್ರಷ್‌ನಿಂದ ಉಜ್ಜಿ, ನೀರಿನಿಂದ ತೊಳೆದು, ಒಣಗಿಸಿ, 320 ಹಾಗೂ ಬಳಿಕ 400 ನಂಬರಿನ ಎಮರಿ ಪೇಪರ್‌ನಿಂದ ಹೊಳಪು ಹೋಗುವವರೆಗೆ ತಿಕ್ಕಿ. ತಿಕ್ಕುವ ಮೊದಲೇ ಜಿಡ್ಡು ಹೋಗಿರಬೇಕು, ಇಲ್ಲದಿದ್ದರೆ ಎಮರಿ ಪೇಪರ್ ಅದನ್ನು ಗೀರುಗಳೊಳಕ್ಕೆ ತುರುಕುತ್ತದೆ. ಆಮೇಲೆ ಕವರನ್ನು ಮೆಲ್ಲಗೆ 100 ಡಿಗ್ರಿಯ ಸುತ್ತ ಬಿಸಿಮಾಡಿ ನೋಡಿ. ಎಲ್ಲಾದರೂ ಎಣ್ಣೆ ಜಿನುಗಿದರೆ ಅದು ಪೂರ್ತಿ ತಣಿದ ಮೇಲೆ ಮತ್ತೆ ಒರೆಸಿ ತೊಳೆಯಬೇಕು.

ಮೇಲ್ಮೈ ಶುದ್ಧವಾಗಿದೆಯೇ ಎಂದು ತಿಳಿಯಲು ನೀರಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸ್ವಲ್ಪ ಶುದ್ಧ ನೀರು ಸುರಿದಾಗ ಅದು ಒಡೆಯದೆ ಒಂದೇ ತೆಳು ಪದರವಾಗಿ ಹರಡಬೇಕು. ಎಲ್ಲಿ ಹನಿಹನಿಯಾಗಿ ಒಡೆಯುತ್ತದೆಯೋ ಅಲ್ಲಿ ಜಿಡ್ಡು ಉಳಿದಿದೆ. ಈ ಹಂತದಿಂದ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡೂ ಸಾಕು. ಡ್ಯಾಶ್‌ಬೋರ್ಡಿಗೆ ಹಾಕುವ ಸಿಲಿಕೋನ್ ಪಾಲಿಶ್ ಸಮೀಪದಲ್ಲೆಲ್ಲೂ ಇರಬಾರದು. ಅದರ ಒಂದು ಕಣ ಬಿದ್ದರೂ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಮೂಡುತ್ತವೆ.

ಬರಿಯ ಅಲ್ಯೂಮಿನಿಯಂ ಮೇಲೆ ಪ್ರೈಮರ್ ಬೇಕೇ ಬೇಕು. ಆ ಪ್ರೈಮರ್ ಕೂಡ ಎಂಜಿನ್ ಶಾಖಕ್ಕೆ ತಯಾರಿಸಿದ್ದಾಗಿರಬೇಕು. ಬಣ್ಣದ ಪದರಗಳು ತೆಳ್ಳಗಿರಲಿ, ನಡುವೆ ಸುಮಾರು 10 ನಿಮಿಷ ಬಿಡಿ, ಎಲ್ಲವೂ 1 ಗಂಟೆಯೊಳಗೆ ಮುಗಿಯಲಿ. ಮೊದಲ ಪದರ ಲೋಹವನ್ನು ಮುಚ್ಚಲೇಬೇಕಾಗಿಲ್ಲ.

ಮರುಪ್ರಶ್ನೆ

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ಬಣ್ಣವನ್ನು ಕಾಯಿಸಿ ಗಟ್ಟಿಮಾಡಲು ಅಡುಗೆಮನೆಯ ಓವನ್ ಬಳಸಬಹುದೇ? ಹಳೆಯ ಬಣ್ಣವನ್ನು ತೆಗೆಯಲು ಸ್ಯಾಂಡ್‌ಬ್ಲಾಸ್ಟ್ ಮಾಡಿಸಿದರೆ ಬೇಗ ಮುಗಿಯುವುದಲ್ಲವೇ? ಕವರ್‌ನ ಮೇಲಿರುವ ಪ್ಲಾಸ್ಟಿಕ್ ಮುಚ್ಚಿಗೆಗೂ ಇದೇ ಬಣ್ಣ ಹೊಡೆಯುವ ಆಸೆಯಿದೆ.

ಉತ್ತರ

ಆಹಾರ ಬೇಯಿಸುವ ಓವನ್ ಖಂಡಿತ ಬೇಡ. ಬಣ್ಣದಿಂದ ಹೊರಡುವ ಆವಿ ಓವನ್ನಿನ ಗೋಡೆಗೆ ಅಂಟುತ್ತದೆ. ಗ್ಯಾಸ್ ಓವನ್ ಆದರೆ ಆ ಆವಿ ಹೊತ್ತಿಕೊಳ್ಳುವ ಅಪಾಯವೂ ಉಂಟು. ಇದಕ್ಕೆಂದೇ ಮೀಸಲಿಟ್ಟ, ಗಾಳಿಯಾಡುವ ಜಾಗದಲ್ಲಿರುವ ವಿದ್ಯುತ್ ಓವನ್ ಇದ್ದರೆ, ಬಣ್ಣ ಚೆನ್ನಾಗಿ ಒಣಗಿದ ಮೇಲೆ 93 ಡಿಗ್ರಿಯಲ್ಲಿ ಸುಮಾರು 1 ಗಂಟೆ ಕಾಯಿಸಿದರೆ ಬಹುತೇಕ ಎಂಜಿನ್ ಎನಾಮೆಲ್‌ಗಳು ಗಟ್ಟಿಯಾಗುತ್ತವೆ. ಇಲ್ಲದಿದ್ದರೆ 7 ದಿನ ಗಾಳಿಯಲ್ಲಿ ಒಣಗಲು ಬಿಟ್ಟು, ಜೋಡಿಸಿದ ನಂತರ ಎಂಜಿನ್ನಿನ ಸ್ವಂತ ಶಾಖದಿಂದಲೇ ಗಟ್ಟಿಯಾಗಲು ಬಿಡಿ. ಅಲ್ಲಿಯವರೆಗೆ ಅದರ ಮೇಲೆ ಪೆಟ್ರೋಲ್ ಬೀಳಬಾರದು. ಗ್ಲೈಕಾಲ್ ಮೂಲದ ಬ್ರೇಕ್ ಆಯಿಲ್ ಗಟ್ಟಿಯಾದ ಬಣ್ಣವನ್ನೂ ಎಬ್ಬಿಸುತ್ತದೆ, ಆ ಜಾಗ್ರತೆ ಎಂದೆಂದಿಗೂ ಇರಲಿ.

ಸ್ಯಾಂಡ್‌ಬ್ಲಾಸ್ಟ್ ಬಗ್ಗೆ ನಾನು ಒತ್ತಿ ಹೇಳಬೇಕಾಗಿದೆ. ಅನೇಕ ವಾಲ್ವ್ ಕವರ್‌ಗಳ ಒಳಬದಿಯಲ್ಲಿ ಎಣ್ಣೆಯ ಆವಿಯನ್ನು ತಡೆಯುವ ತಗಡಿನ ಬಾಫಲ್ ಇರುತ್ತದೆ. ಅದರ ಹಿಂದೆ ಸೇರಿದ ಮರಳು ಎಷ್ಟು ತೊಳೆದರೂ ಪೂರ್ತಿ ಹೊರಬರುವುದಿಲ್ಲ. ಎಂಜಿನ್ ಚಾಲೂ ಆದ ಮೇಲೆ ಎಣ್ಣೆಯೊಡನೆ ಇಳಿದು ಕ್ಯಾಮ್‌ಶಾಫ್ಟ್ ಹಾಗೂ ಬೇರಿಂಗ್‌ಗಳನ್ನು ಸವೆಸುತ್ತದೆ. ಬಾಫಲ್ ಬಿಚ್ಚಲು ಬರದ ಕವರ್ ಆಗಿದ್ದರೆ ಕೈಯಿಂದ ತಿಕ್ಕುವುದೇ ಸರಿ. ನಿಮ್ಮ ಕವರ್ ಮೆಗ್ನೀಸಿಯಂನದ್ದಲ್ಲ ಎಂಬುದನ್ನೂ ಮೊದಲು ಖಚಿತಪಡಿಸಿಕೊಳ್ಳಿ, ಏಕೆಂದರೆ ಅದನ್ನು ತಿಕ್ಕಿದಾಗ ಏಳುವ ಪುಡಿ ಸುಲಭವಾಗಿ ಬೆಂಕಿ ಹಿಡಿಯುತ್ತದೆ.

ಪ್ಲಾಸ್ಟಿಕ್ ಮುಚ್ಚಿಗೆಗೆ ಬಣ್ಣ ಹೊಡೆಯಬಹುದು. ತೊಳೆದು, ಮೇಲ್ಮೈಯನ್ನು ಮಂದವಾಗಿಸಿ, ಪ್ಲಾಸ್ಟಿಕ್‌ಗೆ ಹಿಡಿತ ಕೊಡುವ ಅಡೀಶನ್ ಪ್ರಮೋಟರ್ ಹಾಕಿದ ಮೇಲೆ ಬಣ್ಣ ಹೊಡೆಯಿರಿ, ಓವನ್ನಿನಲ್ಲಿ ಕಾಯಿಸಬೇಡಿ.

ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಕೂರುವ ಅಂಚು, ಬೋಲ್ಟ್‌ಗಳ ತಲೆ ಒತ್ತುವ ಜಾಗ, ಎಂಜಿನ್ನಿನೊಳಗಿನ ಆವಿ ಹೊರಹೋಗುವ ಪಿಸಿವಿ ರಂಧ್ರ ಇವೆಲ್ಲವನ್ನೂ ಟೇಪ್‌ನಿಂದ ಮುಚ್ಚಿಯೇ ಸ್ಪ್ರೇ ಮಾಡಿ. ಬೋಲ್ಟ್‌ನಡಿ ಸಿಕ್ಕಿದ ಬಣ್ಣ ಬಿಗಿಯುವಾಗ ಬಿರಿದು ಅಲ್ಲಿಂದಲೇ ಹಕ್ಕಳೆ ಏಳಲು ಶುರುವಾಗುತ್ತದೆ. ನಿಮ್ಮ ಕವರ್‌ನ ಬೋಲ್ಟ್ ಅಂಚುಗಳಲ್ಲಿ ಆಗಿರುವುದೂ ಬಹುಶಃ ಅದೇ. ಅರ್ತ್ ತಂತಿ ಕೂರುವ ಜಾಗವೇನಾದರೂ ಇದ್ದರೆ ಅಲ್ಲಿಯೂ ಲೋಹ ಬರಿದಾಗಿಯೇ ಇರಬೇಕು. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಕ್ರಮ ಹಾಗೂ ಟಾರ್ಕ್ (ಬಿಗಿಯುವ ಬಲ) ಪ್ರಕಾರ ಬೋಲ್ಟ್‌ಗಳನ್ನು ಬಿಗಿಯಿರಿ.