22ಕ್ಯೂ ಡಿಲೀಷನ್ ಇರುವ ಮಗು: ಮೊದಲು ಏನು ನೋಡಿಕೊಳ್ಳಬೇಕು?

ಕೇಳಿದ್ದು: ನನ್ನ ಮಗನಿಗೆ ಐದು ತಿಂಗಳು. ಹೃದಯದ ಆಪರೇಷನ್ ಆಗಿದೆ. ಈಗ ರಿಪೋರ್ಟ್‌ನಲ್ಲಿ 22ಕ್ಯೂ11.2 ಡಿಲೀಷನ್ ಅಂತ ಬಂದಿದೆ, ಡಿಜಾರ್ಜ್ ಸಿಂಡ್ರೋಮ್ ಅಂದರು. ಇಂಥ ಮಕ್ಕಳನ್ನು ಬೆಳೆಸಿದವರು ಹೇಳಿ, ಏನು ಮಾಡಲಿ? ಬಸುರಿಯಾಗಿದ್ದಾಗ ಏನು ತಪ್ಪು ಮಾಡಿದೆನೋ ಅಂತ ನಿದ್ದೆಯೇ ಬರುತ್ತಿಲ್ಲ.

ಒಂಬತ್ತು ವರ್ಷದ ಮಗಳ ಅಮ್ಮ: ತಂಗೀ, ನೀವು ಏನೂ ತಪ್ಪು ಮಾಡಿಲ್ಲ. 22ನೇ ಕ್ರೋಮೋಸೋಮಿನ, ಅಂದರೆ ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತಿರುವ ಒಂದು ಎಳೆಯ, ಸಣ್ಣ ತುಂಡು ಇಲ್ಲ, ಅಷ್ಟೇ. ನೂರಕ್ಕೆ ಸುಮಾರು ತೊಂಬತ್ತು ಮಕ್ಕಳಲ್ಲಿ ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ. ಗ್ರಹಣಕ್ಕೂ ನೀವು ತಿಂದದ್ದಕ್ಕೂ ಸಂಬಂಧವಿಲ್ಲ. ಆದರೂ ನೀವಿಬ್ಬರೂ ಒಮ್ಮೆ ಟೆಸ್ಟ್ ಮಾಡಿಸಿ. ಒಬ್ಬರಲ್ಲಿ ಇದ್ದರೆ ಮುಂದಿನ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಈಗ ಮುಖ್ಯವಾದದ್ದು ಲಸಿಕೆ. ಈ ಮಕ್ಕಳಲ್ಲಿ ಎದೆಯೊಳಗಿನ ಥೈಮಸ್ ಗ್ರಂಥಿ ಸಾಮಾನ್ಯವಾಗಿ ಸಣ್ಣದಿರುತ್ತದೆ, ಅದರಿಂದ ಟಿ ಸೆಲ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ, ಕಡಿಮೆ ಇರಬಹುದು. ತಾಯಿ ಕಾರ್ಡ್‌ನಲ್ಲಿ ತಾರೀಖು ಬಂತು ಅಂತ ಸುಮ್ನೆ ಹೋಗಿ ಹಾಕಿಸಬೇಡಿ. ಪೋಲಿಯೋ ಹನಿ, ಒಂಬತ್ತು ತಿಂಗಳಿಗೆ ಕೊಡುವ ದಡಾರ ರುಬೆಲ್ಲಾ, ಇವು ಜೀವಂತ ಲಸಿಕೆಗಳು, ಅಂದರೆ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವಂಥವು. ಟಿ ಸೆಲ್ ಎಷ್ಟಿದೆ ನೋಡಿ ಡಾಕ್ಟರು ಹೂಂ ಅಂದ ಮೇಲೆಯೇ ಕೊಡಿಸಿ. ಹಾಗಂತ ಜೀವಂತವಲ್ಲದ ಉಳಿದ ಇಂಜೆಕ್ಷನ್ ಬಿಡಬೇಡಿ. ನನ್ನ ಮಗಳ ಎಣಿಕೆ ಪರವಾಗಿಲ್ಲ ಅಂತ ಬಂತು, ತಡವಾಗಿ ಎಲ್ಲವನ್ನೂ ಹಾಕಿಸಿದೆವು. ರಕ್ತ ಕೊಡುವ ಸಂದರ್ಭ ಬಂದರೆ ಇರೇಡಿಯೇಟ್ ಮಾಡಿದ (ವಿಕಿರಣ ಹಾಯಿಸಿದ) ರಕ್ತ ಬೇಕಾ ಅಂತ ನೀವೇ ಬಾಯಿ ಬಿಟ್ಟು ಕೇಳಿ.

ಇನ್ನೊಂದು ಕ್ಯಾಲ್ಸಿಯಂ. ಈ ಮಕ್ಕಳಲ್ಲಿ ಅದು ರಕ್ತದಲ್ಲಿ ಕಡಿಮೆಯಾಗಿ ಫಿಟ್ಸ್ ಬರಬಹುದು. ಎರಡನೇ ವರ್ಷದಲ್ಲಿ ಇವಳಿಗೆ ಜ್ವರದ ಜೊತೆ ಫಿಟ್ಸ್ ಬಂತು. ಜ್ವರಕ್ಕೇ ಬಂದದ್ದು ಅಂತ ಕಳಿಸಲು ಹೊರಟಿದ್ದರು. ನಾನು ಹಟ ಹಿಡಿದು ಕ್ಯಾಲ್ಸಿಯಂ ನೋಡಿಸಿದೆ. ತೀರಾ ಕೆಳಗಿತ್ತು. ಅವತ್ತಿನಿಂದ ಫೈಲಿನ ಮೊದಲ ಹಾಳೆಯಲ್ಲೇ ಕೆಂಪು ಪೆನ್ನಿನಲ್ಲಿ ‘22ಕ್ಯೂ, ಕ್ಯಾಲ್ಸಿಯಂ ನೋಡಿ’ ಅಂತ ಬರೆದಿಟ್ಟಿದ್ದೇನೆ.

ಏಳು ವರ್ಷದ ಮಗನ ಅಪ್ಪ: ಮೇಲಿನ ಅಕ್ಕ ಹೇಳಿದ್ದು ಸರಿ. ನಾನು ಮಾತಿನ ಬಗ್ಗೆ ಹೇಳುತ್ತೇನೆ. ಹಾಲು ಕುಡಿಯುವಾಗ ಮೂಗಿನಲ್ಲಿ ಬರುತ್ತದಾ? ಬಂದರೆ ಅಂಗುಳ ತೋರಿಸಿ. ನನ್ನ ಮಗ ಮೂರು ವರ್ಷವಾದರೂ ನನ್ನ ಮುಖ ನೋಡಿ ‘ಅಮ್ಮ’ ಅನ್ನುತ್ತಿದ್ದ. ಅಮ್ಮನ ಮೇಲೆ ಪ್ರೀತಿ ಜಾಸ್ತಿ ಅಂದುಕೊಂಡಿದ್ದೆವು. ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಅವನ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಪಾ ಪಾ’ ಅನ್ನಿಸಿದರು. ಕನ್ನಡಿ ಮಸುಕಾಯಿತು. ಅವನು ಅಪ್ಪ ಅಂತಲೇ ಅನ್ನುತ್ತಿದ್ದ, ಗಾಳಿ ಮೂಗಿಗೆ ಹೋಗಿ ‘ಪ’ ಎಲ್ಲ ‘ಮ’ ಆಗುತ್ತಿತ್ತು. ಅಂಗುಳಕ್ಕೆ ಆಪರೇಷನ್ ಆಯಿತು, ಥೆರಪಿ ಇನ್ನೂ ನಡೆದಿದೆ. ಯಾರಾದರೂ ಅಡಿನಾಯ್ಡ್ (ಮೂಗಿನ ಹಿಂಭಾಗದ ಗಡ್ಡೆಯಂಥ ಅಂಗಾಂಶ) ತೆಗೆಯೋಣ ಅಂದರೆ 22ಕ್ಯೂ ಅಂತ ಮೊದಲೇ ಹೇಳಿ. ತೆಗೆದರೆ ಮಾತು ಇನ್ನೂ ಮೂಗಿನಲ್ಲಿ ಹೋಗಬಹುದು.

ಹತ್ತೊಂಬತ್ತರ ಮಗಳ ಅಮ್ಮ: ಓದುವುದು ಬಂತು, ಲೆಕ್ಕ ಕಷ್ಟವಾಯಿತು. ಹದಿನಾರರ ಹೊತ್ತಿಗೆ ನಿದ್ದೆ ಬಿಟ್ಟಳು, ಒಬ್ಬಳೇ ಕೂರುವುದು ಜಾಸ್ತಿಯಾಯಿತು. ಈ ಮಕ್ಕಳಿಗೆ ದೊಡ್ಡವರಾದಾಗ ಮನಸ್ಸಿನ ಕಾಯಿಲೆ ಬರುವುದು ಉಳಿದವರಿಗಿಂತ ಹೆಚ್ಚು ಅಂತ ಮೊದಲೇ ಗೊತ್ತಿತ್ತು, ಅದಕ್ಕೇ ಬೇಗ ತೋರಿಸಿದೆವು. ಈಗ ಮಾತ್ರೆ ಇದೆ, ಚೆನ್ನಾಗಿದ್ದಾಳೆ. ಬೆಳಗ್ಗೆ ಹೂ ಕಟ್ಟುವುದು ಅವಳೇ. ನಿಮ್ಮ ಮಗನ ಟಿ ಸೆಲ್ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ ತಾಯಿ, ಕಾಯುತ್ತಿರುತ್ತೇನೆ.